ಹಲಗೆಗೆ ಹೊಡೆದ ಮಾತು

ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನನ್ನ ಮಗಳ ಜೊತೆ ನೇರವಾಗಿ ಮಾತಾಡಿದವನಲ್ಲ ಎಂದರೆ, ಏನೋ ಜಗಳವಿರಬೇಕು ಅಂದುಕೊಂಡೀರಿ. ಜಗಳವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅಪ್ಪನಾದವನು ಬಿಗುವಾಗಿರಬೇಕು ಎಂದು ನಂಬಿದ್ದೆ, ಅಷ್ಟೆ. ಸಹನಾ ಎದುರಿಗೇ ಊಟಕ್ಕೆ ಕೂತಿದ್ದರೂ ನಾನು ಹೆಂಡತಿ ವಸುಧಾಗೆ, "ನಿನ್ನ ಮಗಳಿಗೆ ಹೇಳು, ತಟ್ಟೇಲಿ ಪಲ್ಯ ಬಿಡಬಾರದು ಅಂತ" ಎನ್ನುತ್ತಿದ್ದೆ. ಮಗಳು, "ಅಮ್ಮ, ಟೆಲ್ ಹಿಮ್ ಐ ಆಮ್ ಫುಲ್" ಎನ್ನುತ್ತಿದ್ದಳು. ನಡುವೆ ವಸುಧಾಳ ಸಾರು ಆರಿಹೋಗುತ್ತಿತ್ತು.

ಸಹನಾ ಮಂಜುಗಡ್ಡೆಯ ಅಂಗಳದಲ್ಲಿ ಆಡುವ ಐಸ್ ಹಾಕಿ ಆಟಗಾರ್ತಿ. ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯಿಂದ ಆ ಅಂಗಳಕ್ಕೆ, ಅಂದರೆ ರಿಂಕ್‌ಗೆ, ಅರ್ಧ ಗಂಟೆ ಡ್ರೈವ್. ಮೊದಲ ಸಲ ನೋಡಲು ಹೋದಾಗ ಅವಳು ಪಕ್ ಎಂಬ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ಜೊತೆಗಾತಿಗೆ ಕೊಡದೆ, ಅಂಚಿನ ಹಲಗೆಗೆ ಬಡಿದಳು. "ಅಯ್ಯೋ, ಕೈ ತಪ್ತು!" ಎಂದು ಕೂಗಿದೆ. ವಸುಧಾ ನನ್ನ ತೊಡೆ ಚಿವುಟಿದಳು. "ಸುಮ್ನಿರಿ, ಮಾನ ಕಳೀಬೇಡಿ. ನಡುವೆ ಎದುರು ಟೀಮಿನವಳು ನಿಂತಿದಾಳೆ, ನೇರ ಕೊಟ್ರೆ ಕಿತ್ಕೋತಾಳೆ. ಹಲಗೆಗೆ ಹೊಡೆದ್ರೆ ತಿರುಗಿ ಮುಂದಿರೋ ನಮ್ಮವಳಿಗೆ ಸಿಗತ್ತೆ. ಅದೂ ಪಾಸೇ." ಭಲೇ ಎಂದುಕೊಂಡೆನೇ ಹೊರತು, ನಮ್ಮ ಮನೆಯ ಹಲಗೆ ಈ ವಸುಧಾಳೇ ಎಂದು ಹೊಳೆಯಲಿಲ್ಲ.

ಕಳೆದ ಮಾರ್ಚ್‌ನಲ್ಲಿ ವಸುಧಾ ತೀರಿಕೊಂಡಳು. ಮನೆಯಲ್ಲಿ ಮಾತೇ ನಿಂತುಹೋಯಿತು. ಒಗ್ಗರಣೆಗೆ ಇಟ್ಟು, ಅಭ್ಯಾಸಬಲದಿಂದ "ನಿನ್ನ ಮಗಳಿಗೆ..." ಎಂದು ಶುರುಮಾಡಿ, ಸಾಸಿವೆ ಸೀದರೂ ನಿಂತು ಅತ್ತದ್ದುಂಟು.

ಮೊನ್ನೆ ಕೋಚ್ ನನ್ನನ್ನು ಕರೆದರು. ಸಹನಾ ಈಗೀಗ ಯಾರಿಗೂ ಪಾಸ್ ಕೊಡುವುದಿಲ್ಲ, ಆ ತುದಿಯಿಂದ ಈ ತುದಿಯವರೆಗೂ ಬಿಲ್ಲೆಯನ್ನು ಒಬ್ಬಳೇ ಒಯ್ಯಲು ಹೋಗಿ ಮೂರು ಜನರ ನಡುವೆ ಸಿಕ್ಕಿಬೀಳುತ್ತಾಳೆ, ನೀವು ಸ್ವಲ್ಪ ಮಾತಾಡಿ ಎಂದರು. ಮಾತಾಡಿ! ಎಷ್ಟು ಸುಲಭವಾಗಿ ಹೇಳಿಬಿಟ್ಟರು. ಬಚ್ಚಲಿನ ಕನ್ನಡಿಯೆದುರು ಎರಡು ದಿನ ತಾಲೀಮು ಮಾಡಿದೆ.

ಶನಿವಾರ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಕಾರು ಹೊರಡಿಸಿ, ಗಂಟಲು ಸರಿಮಾಡಿಕೊಂಡು, "ಪಾಸ್ ಕೊಡಬೇಕಂತೆ. ಕೋಚ್ ಹೇಳ್ತಿದ್ರು" ಎಂದೆ.

ಸಹನಾ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು. "ವಾಟ್ ಡು ಯೂ ಸೇ, ಅಪ್ಪ?"

ನಾನೇನು ಹೇಳಲಿ? ಅಮ್ಮ ಇಲ್ಲದೆ ನನಗೂ ಆಗ್ತಿಲ್ಲ ಕಂದ, ನೀನೊಬ್ಬಳೇ ಹೊರಬೇಡ, ನನಗೂ ಸ್ವಲ್ಪ ಕೊಡು. ಎಲ್ಲ ಗಂಟಲವರೆಗೆ ಬಂತು. ಕಾರು ಬೇರೆ ಆಗಿನಿಂದ ಕುಂಯ್ ಕುಂಯ್ ಎಂದು ಬಡಿದುಕೊಳ್ಳುತ್ತಿತ್ತು. ಬಾಯಿಂದ ಹೊರಬಿದ್ದದ್ದು, "ಬೆಲ್ಟ್ ಹಾಕ್ಕೊ."

"ಹಾಕ್ಕೊಂಡಿದೀನಿ" ಎಂದಳು. ಸಿಗ್ನಲ್‌ನಲ್ಲಿ ಕಾರು ನಿಂತಾಗ ನನ್ನ ಮುಂದೆ ಬಾಗಿ, ನನ್ನ ಬೆಲ್ಟ್ ಎಳೆದು ಸಿಕ್ಕಿಸಿದಳು. "ಅದು ನಿಂದು, ಅಪ್ಪ."

ಕಾರಿನ ಕುಂಯ್ ಕುಂಯ್ ನಿಂತಿತು. ಸಿಗ್ನಲ್ ಹಸಿರಾದರೂ ನಾನು ಹೊರಡದಿದ್ದುದನ್ನು ಕಂಡು ಅವಳು ನನ್ನ ಮುಖವನ್ನೇ ನೋಡಿದಳು. "ಕಣ್ಣಲ್ಲಿ ಏನೋ ಬಿತ್ತಮ್ಮ" ಎಂದೆ. ಕೋಚ್ ಹೇಳಿದ್ದನ್ನು ಬಿಟ್ಟರೆ, ಮಗಳಿಗೆ ನಾನು ನೇರವಾಗಿ ಆಡಿದ್ದು ಇವೆರಡೇ ಮಾತು. ಒಂದು ತಪ್ಪು, ಇನ್ನೊಂದು ಸುಳ್ಳು.