ಕುರ್ಚಿ ಬಿಡಿಸುವ ನಿಯಮ

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೂ ಸಂಬಳ ಸಿಗುತ್ತದೆ ಎಂಬುದು ನಮ್ಮಜ್ಜಿಗೆ ಗೊತ್ತಿರಲಿಲ್ಲ. ಪಾಪ, ಮೈಸೂರಿನ ಮನೆಯ ಜಗಲಿಯಲ್ಲಿ ಕೂತು ಸೊಸೆಯರು ಹೆಚ್ಚಿದ ಹುರುಳಿಕಾಯಿಯಿಂದ ಹಿಡಿದು ಎದುರುಮನೆಯವರು ಇಟ್ಟ ರಂಗೋಲಿಯವರೆಗೆ ಎಲ್ಲದರಲ್ಲೂ ಹುಳುಕು ತೆಗೆದು, ಜೀವಮಾನವಿಡೀ ಪುಕ್ಕಟೆ ದುಡಿದರು. ಆ ವಿದ್ಯೆ ನಡುವೆ ನಮ್ಮಪ್ಪನನ್ನು ಬಿಟ್ಟು ನೇರವಾಗಿ ನನಗೆ ಇಳಿಯಿತು. ಎಂಬತ್ತರ ದಶಕದ ನಡುವಿನಲ್ಲಿ ಮದರಾಸಿನ ಒಂದು ಕಂಪ್ಯೂಟರ್ ಕಂಪನಿ ಅದಕ್ಕೆ ತಿಂಗಳು ತಿಂಗಳೂ ಸಂಬಳ ಕೊಡುತ್ತಿತ್ತು.

ಕೆಲಸ ಹೀಗಿತ್ತು. ಕಂಪ್ಯೂಟರಿನೊಳಗೆ ಎಲ್ಲ ಪ್ರೋಗ್ರಾಮುಗಳ ಮೇಲೂ ಯಜಮಾನಿಕೆ ಮಾಡುವ ಒಂದು ಪ್ರೋಗ್ರಾಮು ಇರುತ್ತದೆ. ಅದಕ್ಕೆ ಕರ್ನಲ್ ಎಂದು ಹೆಸರು. ಯಾರಿಗೆ ಎಷ್ಟು ಮೆಮೊರಿ, ಜಾಗ ಸಾಲದಾದಾಗ ಯಾರನ್ನು ಎಬ್ಬಿಸಿ ಡಿಸ್ಕಿಗೆ ಸಾಗಹಾಕಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸಬೇಕು. ನಮ್ಮ ಹುಡುಗರು ಅದರಲ್ಲಿ ಏನಾದರೂ ಬದಲಾಯಿಸಿದರೆ ಹಳೆಯದನ್ನೂ ಹೊಸದನ್ನೂ ಅಗಲವಾದ ಕಾಗದದಲ್ಲಿ ಅಚ್ಚುಹಾಕಿ ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಾನು ಸ್ಕೇಲು ಇಟ್ಟುಕೊಂಡು ಸಾಲುಸಾಲಾಗಿ ಓದಿ ಮೂಲೆಯಲ್ಲಿ ಸಹಿ ಹಾಕಬೇಕು. ಸಹಿ ಬೀಳದೆ ಒಂದು ಸಾಲೂ ಯಂತ್ರದೊಳಕ್ಕೆ ಹೋಗುವ ಹಾಗಿಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಮುಚ್ಚಿಡಬಾರದು. ನಾನು ಅಲ್ಲಿಯತನಕ ಹಿಡಿದ ತಪ್ಪುಗಳೆಲ್ಲ ಹುರುಳಿಕಾಯಿಯ ಜಾತಿಯವೇ. ಇಲ್ಲಿ ಒಂದು ಜಾಗ ಬಿಡಬೇಕಿತ್ತು, ಅಲ್ಲಿ ಆವರಣ ಚಿಹ್ನೆ ಕೆಳಗಿನ ಸಾಲಿಗೆ ಬರಬೇಕಿತ್ತು, ಟಿಪ್ಪಣಿಯ ಇಂಗ್ಲಿಷು ಸರಿಯಿಲ್ಲ, ಹೀಗೆ. ಕೆಂಪು ಇಂಕಿನಲ್ಲಿ ಕಾಗದ ತುಂಬಿರುತ್ತಿತ್ತು. ಕರ್ನಲ್ಲಿಗೆ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೆ.

ಆ ಬೇಸಿಗೆಯಲ್ಲಿ ರಘು ಒಂದು ಬದಲಾವಣೆ ತಂದ. ರಘು ನಮ್ಮಲ್ಲಿ ಹೊಸಬ. ಮನೆಮಾತು ಕನ್ನಡ, ಓದಿದ್ದೆಲ್ಲ ಮದರಾಸಿನಲ್ಲಿ. ಕನ್ನಡದಲ್ಲಿ ಮಾತಾಡಿಸಿದರೆ ಅರ್ಧ ತಮಿಳಿನಲ್ಲಿ ಉತ್ತರ ಬರುತ್ತಿತ್ತು.

“ಯಾರನ್ನ ಡಿಸ್ಕಿಗೆ ಕಳಿಸ್ಬೇಕುನ್ನು ಯೋಚನೆ ಮಾಡಕ್ಕೆ ಪಳೆಯ ಕೋಡು ಒಂದು ಪುಟ ಇತ್ತು ಸಾರ್. ಈಗ ರೊಂಬ ಸಿಂಪಲ್. ಯಾರು ಜಾಸ್ತಿ ಹೊತ್ತು ಚುಮ್ಮಾ ಕೂತಿದಾರೋ ಅವ್ರು ಹೊರಗೆ. ಅಷ್ಟೇ!” ಎಂದ.

ಯಂತ್ರ ಸೋಮವಾರ ಗಿರಾಕಿಯ ಕಛೇರಿಗೆ ಹೊರಡಬೇಕಿತ್ತು. ಅಲ್ಲಿ ಅದು ಸರಿಯಾಗಿ ನಡೆದರೆ ರಘುವಿನ ಕೆಲಸ ಖಾಯಂ, ಕೆಟ್ಟರೆ ಅವನು ಬೇರೆ ಕಡೆ ಅರ್ಜಿ ಹಾಕಬಹುದು ಎಂದು ಮ್ಯಾನೇಜರು ನನ್ನೆದುರಿಗೇ ಹೇಳಿದ್ದರು. ಅವನು ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದ. ನಾನು ನಾಲ್ಕಾರು ಕಡೆ ಜಾಗ ಬಿಡಿಸಿ, ಒಂದು ಆವರಣವನ್ನು ಕೆಳಗಿಳಿಸಿ, “ನಿಯಮ ಚೆನ್ನಾಗಿದೆ. ಮನೆಯಲ್ಲಿ ಇನ್ನೊಮ್ಮೆ ಓದಿ ನಾಳೆ ಸಹಿ ಹಾಕ್ತೀನಿ” ಎಂದೆ. ನಿಯಮ ನಿಜವಾಗಿಯೂ ನನಗೆ ಹಿಡಿಸಿತ್ತು. ಅದಕ್ಕೆ ಕಾರಣ ಮಾತ್ರ ಆಫೀಸಿನಲ್ಲಿರಲಿಲ್ಲ, ಮನೆಯಲ್ಲಿತ್ತು.

ನಮ್ಮ ಮನೆ ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ, ಮೊದಲ ಮಹಡಿಯ ಎರಡು ಕೋಣೆ. ಹಾಲಿನಲ್ಲಿ ಫ್ಯಾನು ಒಂದು, ಅದರ ಕೆಳಗೆ ಬೆತ್ತದ ಕುರ್ಚಿ ಒಂದು. ಕುರ್ಚಿ ನನ್ನದು. ಅಂದರೆ ತಿರುವೊಟ್ಟಿಯೂರಿನಿಂದ ನನ್ನ ಹೆಂಡತಿ ಕೋಮಲಳ ಸೋದರಮಾವ ಬರುವತನಕ ನನ್ನದಾಗಿತ್ತು. ಅವರ ಮನೆಗೆ ಸುಣ್ಣ ಹೊಡೆಯುತ್ತಿದ್ದರಂತೆ, ಎರಡು ದಿನಕ್ಕೆಂದು ಬಂದರು. ಸುಣ್ಣ ಹೊಡೆಯುವವರು ಎಷ್ಟು ನಿಧಾನಸ್ಥರೆಂದರೆ ಆ ಎರಡು ದಿನ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮಾವನವರು ಬಹಳ ಒಳ್ಳೆಯವರು, ಯಾವುದಕ್ಕೂ ಬೇಸರ ಮಾಡಿಕೊಳ್ಳುವವರಲ್ಲ. ಊಟ ಮುಗಿಸಿ ಕುರ್ಚಿಯಲ್ಲಿ ಕೂತರೆ ಪತ್ರಿಕೆ ಮುಖದ ಮೇಲೆ ಬಿದ್ದು ಏರಿಳಿಯುತ್ತಿರುತ್ತಿತ್ತು. ಅಂಥವರನ್ನು ಎಬ್ಬಿಸುವುದಕ್ಕೆ ಬಾಯಿ ಬರುವುದಿಲ್ಲ. ಒಂದು ನಿಯಮ ಬೇಕಾಗುತ್ತದೆ.

ಅಂದು ಸಾಯಂಕಾಲ ಟ್ರೈನಿಳಿದು ಬಂದರೆ ನನ್ನ ಪುಣ್ಯಕ್ಕೆ ಕುರ್ಚಿ ಖಾಲಿಯಿತ್ತು. ಮಾವನವರು ದೇವಸ್ಥಾನಕ್ಕೆ ಹೋಗಿದ್ದರು. ಕೂತೆ. ಕಾಫಿ ಬೇಕೆಂದೆ. ಕೋಮಲ ಅಡುಗೆಮನೆಯಲ್ಲಿ ಡಿಕಾಕ್ಷನ್ನಿಗೆ ನೀರು ಸುರಿದಳು. ಅವಳ ಮನಸ್ಸು ಹದವಾಗಿರುವುದನ್ನು ನೋಡಿ ಮೆಲ್ಲಗೆ ಹೇಳಿದೆ. “ಈ ಸೆಕೆಯಲ್ಲಿ ಹಾಲಿನಲ್ಲಿ ಎಲ್ಲರಿಗೂ ಜಾಗ ಸಾಲದು. ಇನ್ನು ಮೇಲೆ ಒಂದು ಪದ್ಧತಿ ಇಟ್ಟುಕೊಳ್ಳೋಣ. ಯಾರು ಹೆಚ್ಚು ಹೊತ್ತು ಸುಮ್ಮನೆ ಕೂತಿರ್ತಾರೋ ಅವರು ಎದ್ದು ತಾರಸಿಗೆ ಹೋಗಿ ಗಾಳಿಗೆ ಕೂರಲಿ. ಯಾರಿಗೂ ಪಕ್ಷಪಾತ ಬೇಡ.”

“ನಲ್ಲ ಐಡಿಯಾ ತಾನೇ,” ಎಂದಳು ಕೋಮಲ. ಅವಳ ತವರಿನವರು ಮೂರು ತಲೆಮಾರಿನಿಂದ ಮದರಾಸಿನವರು. ಆಮೇಲೆ ನಾನು ಬ್ಯಾಗಿನಿಂದ ರಘುವಿನ ಕಾಗದ ತೆಗೆದು ಮಡಿಲಲ್ಲಿ ಹರಡಿಕೊಂಡು ಓದತೊಡಗಿದೆ. ಸ್ವಲ್ಪ ಹೊತ್ತಿಗೆ ಮಾವನವರು ತುಳಸಿ ಪ್ರಸಾದ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

ಕೋಮಲ ಹೊರಗೆ ಬಂದು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. “ಏನೂಂದ್ರೆ, ಎದ್ದೇಳಿ.”

“ನಾನಾ? ನಾನು ಕೆಲಸ ಮಾಡ್ತಾ ಇದೀನಿ!”

“ಕೈ ಆಡ್ಲಿಲ್ಲ, ಕಾಲ್ ಆಡ್ಲಿಲ್ಲ. ಬಂದಾಗಿಂದ ಅದೇ ಕಾಗದ ನೋಡ್ಕೊಂಡು ಕೂತಿದೀರ. ಮಾಮ ಕೋವಿಲಿಗೆ ನಡೆದು ಹೋಗಿ ಈಗ ತಾನೇ ಬಂದ್ರು. ರೂಲ್ ಮಾಡಿದ್ದು ಯಾರು, ನಾನಾ?”

ಸ್ವಂತ ನಿಯಮಕ್ಕೆ ಎದುರಾಡುವುದು ಹೇಗೆ? ಕಾಗದ ಸುತ್ತಿಕೊಂಡು ತಾರಸಿಗೆ ಹೋದೆ. ಅಲ್ಲಿ ಯಾರದೋ ಮನೆಯ ವಡಾಮು, ಅಂದರೆ ನಮ್ಮ ಸಂಡಿಗೆ, ಒಣಗುತ್ತಿತ್ತು, ಕಾಗೆಗಳು ನನ್ನನ್ನು ಕಾವಲುಗಾರನೆಂದು ತಿಳಿದು ದೂರ ಕೂತವು. ಕಾಫಿ ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಬರಲಿಲ್ಲ. ಕೊನೆಗೆ ಕೆಳಗಿಳಿದು ಬಂದರೆ ಕುರ್ಚಿಯ ಪಕ್ಕದ ಕಿಟಕಿ ಕಟ್ಟೆಯ ಮೇಲೆ ನನ್ನ ಲೋಟ ಬರಿದಾಗಿ ಕೂತಿತ್ತು. ಮಾವನವರು ಮೀಸೆ ಒರೆಸಿಕೊಳ್ಳುತ್ತಿದ್ದರು.

ಆದದ್ದಿಷ್ಟೆ. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಕಿಂಡಿಯಿದೆ. ಕೋಮಲ ಮದುವೆಯಾದಾಗಿನಿಂದ ನನ್ನ ಕಾಫಿಯನ್ನು ಆ ಕಿಂಡಿಯಿಂದ ಕೈ ಚಾಚಿ, ತಲೆ ಎತ್ತಿ ನೋಡದೆ, ಕುರ್ಚಿಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಾಳೆ. ಅಂದೂ ಇಟ್ಟಳು.

“ನನಗೇಂತ ನೆನೆಸ್ಕೊಂಡೆ ಅಳಿಯಂದ್ರೆ,” ಎಂದರು ಮಾವನವರು, ಮುಖದಲ್ಲಿ ದಿವ್ಯ ತೃಪ್ತಿ. “ಎಷ್ಟು ವರ್ಷ ಆಗಿತ್ತು ಇಂಥಾ ಕಾಫಿ ಕುಡ್ದು! ಸಕ್ಕರೆ ಧಾರಾಳ.”

ಮಾವನವರಿಗೆ ಸಕ್ಕರೆ ಕಾಯಿಲೆ. ಕೋಮಲ ತಲೆಯ ಮೇಲೆ ಕೈ ಹೊತ್ತುಕೊಂಡಳು. “ಅಯ್ಯೋ ಪೆರುಮಾಳೇ! ಕಾಫಿ ಬರೋಕೆ ಮುಂಚೆ ಎದ್ದು ಯಾಕೆ ಹೋದ್ರಿ ನೀವು?” ಎಂದು ನನ್ನ ಮೇಲೇ ರೇಗಿದಳು.

ಎಬ್ಬಿಸಿದವಳು ನೀನೇ ಅಲ್ಲವೆ ಎಂದು ಬಾಯಿ ತೆರೆದವನು ನನ್ನ ಕೈಯತ್ತ ನೋಡಿದೆ. ಕೈಯಲ್ಲಿ ರಘುವಿನ ಕಾಗದವಿತ್ತು. ಕರ್ನಲ್ಲಿನಲ್ಲಿ ಸುಮ್ಮನೆ ಕೂತ ಪ್ರೋಗ್ರಾಮುಗಳಲ್ಲಿ ಎರಡು ಬಗೆ. ಕೆಲವು ನಿಜವಾಗಿ ನಿದ್ದೆ ಮಾಡುತ್ತಿರುತ್ತವೆ. ಕೆಲವು ಡಿಸ್ಕಿನಿಂದ ಏನನ್ನೋ ತರಿಸಿಕೊಳ್ಳಲು ಹೇಳಿ ಕಾಯುತ್ತಿರುತ್ತವೆ. ಬರುವ ಮಾಹಿತಿ ಅವು ಕೂತ ಜಾಗಕ್ಕೇ ನೇರವಾಗಿ ಬಂದು ಬೀಳುತ್ತದೆ, ಅಲ್ಲಿ ಯಾರಿದ್ದಾರೆಂದು ತಲೆ ಎತ್ತಿ ನೋಡುವುದಿಲ್ಲ. ಅಂಥವರನ್ನು ಎಬ್ಬಿಸಕೂಡದು ಎಂದು ಹಳೆಯ ಕೋಡಿನಲ್ಲಿ ಒಂದು ಸಾಲಿತ್ತು. ರಘುವಿನ ಹೊಸ ಕೋಡಿನಲ್ಲಿ ಅದು ಇರಲಿಲ್ಲ. ಅದರ ಪಕ್ಕದಲ್ಲೇ ನಾನು ಕೆಂಪು ಇಂಕಿನಲ್ಲಿ ಆವರಣವೊಂದನ್ನು ಕೆಳಗಿಳಿಸಿದ್ದೆ.

ಮರುದಿನ ತೋರಿಸಿದಾಗ ರಘು ಹಳೆಯ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟ. “ಆ ಲೈನ್ ಯಾಕಿದೇನ್ನು ಗೊತ್ತಾಗ್ಲಿಲ್ಲ ಸಾರ್, ತೆಗ್ದುಟ್ಟೆ,” ಎಂದ. ಹಾಗೇ ಹೋಗಿದ್ದರೆ ಗಿರಾಕಿಯ ಕಛೇರಿಯಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕದೊಳಗೆ ಸುರಿದು, ಅವನ ಕೆಲಸಕ್ಕೂ ಸಂಚಕಾರ ಬರುತ್ತಿತ್ತು. ಸಾಲನ್ನು ವಾಪಸು ಸೇರಿಸಿದ, ನಾನು ಸಹಿ ಹಾಕಿದೆ, ಯಂತ್ರ ಸೋಮವಾರ ಹೊರಟಿತು. ಅವನು ಖಾಯಮಾದ. ನನಗೆ ನಿಜವಾಗಿಯೂ ಬಹಳ ಸಂತೋಷವಾಯಿತು. ಇಷ್ಟು ಸೂಕ್ಷ್ಮವಾದದ್ದು ಹೇಗೆ ಕಣ್ಣಿಗೆ ಬಿತ್ತು ಎಂದು ಮ್ಯಾನೇಜರು ಕೇಳಿದರು. ಅನುಭವ ಎಂದೆ.

ಆ ಹುಮ್ಮಸ್ಸಿನಲ್ಲೇ ಮನೆಗೆ ಬಂದು ಕುರ್ಚಿಯಲ್ಲಿ ಕೂತು ಕೋಮಲಳಿಗೆ ತಿದ್ದುಪಡಿ ಮಂಡಿಸಿದೆ. “ನಿಯಮದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಕಾಫಿ ಹೇಳಿ ಕಾಯ್ತಾ ಇರುವವರನ್ನ ಕುರ್ಚಿಯಿಂದ ಎಬ್ಬಿಸಬಾರದು. ದೊಡ್ಡ ದೊಡ್ಡ ಯಂತ್ರಗಳಲ್ಲೂ ಹಾಗೇ.”

ಅವಳು ಸೌಟು ಹಿಡಿದುಕೊಂಡೇ ಕಿಂಡಿಯಿಂದ ಬಗ್ಗಿ ನೋಡಿದಳು. ಸ್ಕೇಲು ಇಡಲಿಲ್ಲ, ಕೆಂಪು ಇಂಕು ತೆಗೆಯಲಿಲ್ಲ.

“ಅದು ಸರಿ. ನೀವು ಕಾಫಿಗೆ ಕಾಯದೇ ಇರೋ ಹೊತ್ತು ಯಾವ್ದೂಂತ ಹೇಳಿ,” ಎಂದಳು.

ಎಷ್ಟು ಯೋಚಿಸಿದರೂ ಅಂಥದೊಂದು ಹೊತ್ತು ನೆನಪಿಗೆ ಬರಲಿಲ್ಲ. ಕೆಳಗೆ ಮೆಟ್ಟಿಲ ಮೇಲೆ ಮಾವನವರ ಏದುಸಿರು ಕೇಳಿಸಿತು. ಚಾಪೆ ತೆಗೆದುಕೊಂಡು ನಾನೇ ಎದ್ದೆ.