ಟಾರ್ಚಿನ ಹೊಟ್ಟೆಯಲ್ಲಿ ಆರು ಬಲ್ಬು

"ಇನ್ನು ಮುಂದೆ ಈ ಮನೆಯಲ್ಲಿ ಕತ್ತಲೆಯ ಆಟ ನಡೆಯೋದಿಲ್ಲ!"

ಹೀಗೆಂದು ಒಂದು ರಜೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದವರು ಜೋಪಾನರಾಯರು. ಇದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಗಾಜಿನ ಸಾಮಾನು ತಯಾರಿಸುವ ಆ ಕಾರ್ಖಾನೆಯಲ್ಲಿ ರಾಯರು ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು. ಅವರ ಕೈಯಲ್ಲಿ ಪ್ಯಾಕಾಗಿ ಹೊರಟ ಲೋಟ, ಹೂಜಿ, ದೀಪದ ಬುರುಡೆ ಯಾವುದೂ ಇವತ್ತಿನವರೆಗೆ ಒಡೆದಿಲ್ಲ. ಒಮ್ಮೆ ಸಾಮಾನು ತುಂಬಿದ ಲಾರಿಯೇ ಮಗುಚಿ ಬಿತ್ತಂತೆ. ಡ್ರೈವರನ ಎರಡು ಹಲ್ಲು ಮುರಿದವು, ಲೋಟ ಒಂದೂ ಮುರಿಯಲಿಲ್ಲ! ಮನೆಗೆ ಬಂದವರಿಗೆಲ್ಲ ರಾಯರು ಈ ಕಥೆ ಹೇಳುತ್ತಾರೆ. ಹಲ್ಲಿನ ವಿಷಯ ಬಂದಾಗ ಮಾತ್ರ ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡೋದು, ಅದನ್ನು ಇವರ ಹತ್ತಿರ ಪ್ಯಾಕ್ ಮಾಡಿಸಿರಲಿಲ್ಲ.

ಘೋಷಣೆಗೆ ಕಾರಣ ಬಹಳ ಸಣ್ಣದು. ಹಿಂದಿನ ದಿನ ಅಟ್ಟದ ಮೇಲೆ ಏನೋ ಹುಡುಕುತ್ತಿದ್ದಾಗ ಟಾರ್ಚಿನ ಬಲ್ಬು ಸುಟ್ಟುಹೋಗಿ, ರಾಯರು ಏಣಿಯ ಮೆಟ್ಟಿಲು ಸಿಗದೆ ಕಾಲು ಗಂಟೆ ಗಾಳಿಯಲ್ಲಿ ಕಾಲಾಡಿಸಿದ್ದರು. ಇದು ಜೇಬಿನ ಫೋನಿನಲ್ಲೇ ದೀಪ ಹೊತ್ತುವ ಕಾಲಕ್ಕೆ ಮುಂಚಿನ ಮಾತು. ಆಗ ಕತ್ತಲೆಂದರೆ ಟಾರ್ಚು, ಟಾರ್ಚೆಂದರೆ ಸ್ಟೀಲಿನ ಉದ್ದನೆಯ ಮೂರು ಸೆಲ್ಲಿನ ಟಾರ್ಚು.

ಬಲ್ಬು ಕೊಳ್ಳಲು ಹೋದಾಗ ಎಲೆಕ್ಟ್ರಿಕ್ ಅಂಗಡಿಯವರು, "ಇನ್ನೊಂದು ಬಲ್ಬು ತಗೊಂಡು ಹಿಂದಿನ ಮುಚ್ಚಳದಲ್ಲಿ ಇಟ್ಕೊಂಡಿರಿ ಸ್ವಾಮಿ, ಅದಕ್ಕೇ ಅಂತ ಅಲ್ಲೊಂದು ಗೂಡು ಇರುತ್ತೆ" ಎಂದಿದ್ದರು. ಒಳ್ಳೆಯ ಮಾತು. ಆದರೆ ಅದು ಬಿದ್ದದ್ದು ರಾಯರ ಕಿವಿಯ ಮೇಲೆ ನೋಡಿ! "ಒಂದು ಬಲ್ಬು ಯಾವ ಮೂಲೆಗೆ ಸಾಕು?" ಎಂದುಕೊಂಡು, ಟಾರ್ಚಿಗೆ ಹಾಕಿದ್ದಲ್ಲದೆ ಇನ್ನೂ ಆರು ತಂದರು.

ಆರೂ ಬಲ್ಬುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಹತ್ತಿ ಸುತ್ತಿ, ಹತ್ತಿಯ ಮೇಲೆ ತೆಳು ಕಾಗದ ಸುತ್ತಿ, ಕಾಗದಕ್ಕೆ ದಾರ ಕಟ್ಟಿ ತೊಟ್ಟಿಲಿನ ಕೂಸುಗಳಂತೆ ಮಲಗಿಸಿದರು. ಮುಚ್ಚಳದ ಗೂಡು ಹತ್ತಿ ಸುತ್ತಿದ ಒಂದು ಬಲ್ಬಿಗೂ ಸಾಲದು. ರಾಯರು ಧೈರ್ಯಗೆಡಲಿಲ್ಲ. ಮೂರು ಸೆಲ್ಲಿನಲ್ಲಿ ಒಂದನ್ನು ಹೊರಗೆ ತೆಗೆದರು. ಆ ಜಾಗಕ್ಕೆ ಬಲ್ಬಿನ ಕಟ್ಟು ಇಟ್ಟು, ಸುತ್ತ ಇನ್ನಷ್ಟು ಹತ್ತಿ ತುರುಕಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಳ ತಿರುಗಿಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಒಂದು ಸದ್ದೂ ಇಲ್ಲ.

"ಹೊತ್ತಿಸಿ ನೋಡಿ ಒಂದ್ಸಲ" ಎಂದರು ಹೆಂಡತಿ.

"ಪ್ಯಾಕ್ ಆದ್ಮೇಲೆ ಬಿಚ್ಚಿ ನೋಡೋದು, ಹೊತ್ತಿಸಿ ನೋಡೋದು, ಇದೆಲ್ಲ ಪ್ಯಾಕ್ ಮಾಡಿದೋನಿಗೆ ಅವಮಾನ ಕಣೇ!"

ಹೊರಗೆ ತೆಗೆದ ಸೆಲ್ಲು ಅತ್ತೆಯವರ ರೇಡಿಯೊಗೆ ಹೋಯಿತು. ಅದರ ಒಂದು ಸೆಲ್ಲು ಸತ್ತು, ಅತ್ತೆ ಎರಡು ದಿನದಿಂದ ಮೌನವ್ರತದಲ್ಲಿದ್ದರು. "ಅಳಿಯಂದ್ರು ಎಂದಿದ್ರೂ ಅಳಿಯಂದ್ರೇ" ಎಂದು ಹೊಗಳಿ, ರೇಡಿಯೊದ ಕಿವಿ ತಿರುಪಿದರು.

ಎರಡು ವಾರ ಕಳೆಯಿತು. ಅವತ್ತೂ ರಾಯರಿಗೆ ರಜೆ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿ ಹನ್ನೊಂದೂವರೆಗೇ ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದರು.

"ರೀ! ಹೆಡ್ ಗುಮಾಸ್ತೆ ಹುದ್ದೆಗೆ ಇವತ್ತು ಮೂರು ಗಂಟೆಗೆ ಇಂಟರ್ವ್ಯೂ ಅಂತೆ! ಈಗ ತಾನೇ ಹೇಳಿದ್ರು. ಇಲಾಖೆ ಪರೀಕ್ಷೆ ಪಾಸಾಗಿದೀನಲ್ಲ, ಅದರ ಅಸಲು ಸರ್ಟಿಫಿಕೇಟ್ ತರಬೇಕಂತೆ. ನಕಲು ನಡೆಯೋದಿಲ್ಲ. ಅದು ತರದೇ ಇದ್ರೆ ಪಟ್ಟಿಯಿಂದ ಹೆಸರೇ ಹೊಡೆದು ಹಾಕ್ತಾರಂತೆ. ಎಲ್ಲಿಟ್ಟಿದೀರಿ?"

"ನಿನ್ನ ಸರ್ಟಿಫಿಕೇಟಾ?" ರಾಯರು ಮೀಸೆಯಡಿಯಲ್ಲೇ ನಕ್ಕರು. "ಭೂಕಂಪ ಆದ್ರೂ ಅದಕ್ಕೆ ಏನೂ ಆಗೋದಿಲ್ಲ. ಅಟ್ಟದ ಮೇಲಿದೆ."

ಹೆಂಡತಿಯ ಮುಖ ಬಿಳಿಚಿಕೊಂಡಿತು. ಒಂಬತ್ತು ವರ್ಷದಿಂದ ಆ ಹುದ್ದೆಗಾಗಿ ಕಾದಿದ್ದರು ಆಕೆ. ಮೂರು ಸಲ ಕೈಗೆ ಬಂದದ್ದು ಯಾರ ಯಾರದೋ ಪಾಲಾಗಿತ್ತು. ಈಗ ಬಂದರೆ ಬಂತು, ಇಲ್ಲದಿದ್ದರೆ ನಿವೃತ್ತಿಯ ತನಕ ಅದೇ ಕಿಟಕಿ, ಅದೇ ಮುರಿದ ಕುರ್ಚಿ. ಅಂಥ ಕಾಗದ ಅಟ್ಟದಲ್ಲಿ!

ಅಟ್ಟದ ವಿಷಯ ಹೇಳಬೇಕು. ಅಲ್ಲಿ ಕಿಟಕಿಯಿಲ್ಲ, ದೀಪವಿಲ್ಲ. ಇರುವುದು ನಲವತ್ತು ರಟ್ಟಿನ ಪೆಟ್ಟಿಗೆ. ಸಂದಿಗೊಂದಿಗಳಲ್ಲೆಲ್ಲ ರಾಯರು ಕಾರ್ಖಾನೆಯಿಂದ ತಂದು ತುಂಬಿದ ಒಣಹುಲ್ಲು. ನಲವತ್ತರ ಮೇಲೂ ಅಂದವಾದ ಕೆಂಪು ಅಕ್ಷರದಲ್ಲಿ ಒಂದೇ ಬರಹ: "ಜೋಪಾನ! ಒಡೆಯುವ ವಸ್ತು." ಒಳಗೆ ಏನಿದೆ ಅಂತ ಬರೆಯುವ ಪದ್ಧತಿ ಅವರದಲ್ಲ. ಪ್ಯಾಕಿಂಗ್ ಮಾಡುವವನಿಗೆ ಅದು ಬೇಕಾಗಿಲ್ಲವಂತೆ.

"ಎಡಗಡೆ ಗೋಡೆ, ಹಿಂದಿನ ಸಾಲು, ಮೂಲೆಯಲ್ಲಿ ಬಿಳಿ ದಾರ ಕಟ್ಟಿರೋದು. ಎರಡೇ ನಿಮಿಷ!" ಎಂದು ರಾಯರು ಟಾರ್ಚ್ ಹಿಡಿದು ದಂಡಯಾತ್ರೆಗೆ ಹೊರಟವರಂತೆ ಏಣಿ ಹತ್ತಿದರು. ತಲೆ ಕತ್ತಲೊಳಗೆ ಹೋಯಿತು. ಗುಂಡಿ ಒತ್ತಿದ ಸದ್ದು ಕೇಳಿಸಿತು. ಇನ್ನೊಂದು ಸಲ ಕೇಳಿಸಿತು. ಆಮೇಲೆ ಹತ್ತು ಸಲ ಕೇಳಿಸಿತು.

"ಏನ್ರೀ?"

"ಬಲ್ಬು ಹೋಗಿದೆ. ಗಾಬರಿಯಾಗಬೇಡ! ಇಂಥ ದಿನಕ್ಕೇ ಅಲ್ವೇ ನಾನು ಆರು ಇಟ್ಟಿರೋದು?"

ಕೆಳಗಿಳಿದು ಮೇಜಿನ ಮುಂದೆ ಕೂತರು. ಮುಚ್ಚಳ ಬಿಚ್ಚಿ, ಹತ್ತಿ ಬಿಡಿಸಿ, ದಾರ ಕತ್ತರಿಸಿ, ಕಾಗದ ಬಿಡಿಸಿ ಒಂದು ಬಲ್ಬು ಹೊರತೆಗೆಯುವ ಹೊತ್ತಿಗೆ ಹನ್ನೆರಡಾಯಿತು. ಹೊಸ ಬಲ್ಬು ಹಾಕಿದರು. ಉಳಿದ ಐದನ್ನು ಹತ್ತಿ ಸಮೇತ ಹಿಂದಕ್ಕೆ ತುರುಕಿ, ತೆಗೆದ ಬಲ್ಬಿಗೂ ಮರ್ಯಾದೆಯಿಂದ ಹತ್ತಿ ಸುತ್ತಿ ಅವುಗಳ ಜೊತೆಗೇ ಮಲಗಿಸಿ, ಮುಚ್ಚಳ ಹಾಕಿ ಗುಂಡಿ ಒತ್ತಿದರು. ಟಾರ್ಚು ಹೊತ್ತಲಿಲ್ಲ.

"ಇದೂ ಹೋಗಿದೆ!" ಎಂದರು ರಾಯರು.

ಎರಡನೆಯದು ಹಾಕಿದರು. ಹೋಗಿದೆ. ಮೂರನೆಯದು. ಅದೂ ಹೋಗಿದೆ! ಪ್ರತಿಸಲ ಹತ್ತಿ ಬಿಚ್ಚುವುದು, ಹತ್ತಿ ಸುತ್ತುವುದು. ನಾಲ್ಕನೆಯದರ ಹೊತ್ತಿಗೆ ಹೆಂಡತಿಯ ಸಹನೆ ಮುಗಿಯಿತು. ಮೇಣದಬತ್ತಿ ಹುಡುಕಿ ತಂದು ಬೆಂಕಿಕಡ್ಡಿ ಗೀರಿಯೇಬಿಟ್ಟರು. ರಾಯರು ಕುರ್ಚಿಯಿಂದ ಚಂಗನೆ ಹಾರಿ ಫೂ ಎಂದು ಊದಿದರು.

"ಅಟ್ಟದ ತುಂಬ ಒಣಹುಲ್ಲಿದೆ! ಮನೆ ಸುಟ್ಟು ಇಂಟರ್ವ್ಯೂಗೆ ಹೋಗ್ತೀಯಾ?"

"ನೀವು ಹೀಗೇ ಕೂತಿದ್ರೆ ಮನೆ ಉಳಿಯುತ್ತೆ, ಇಂಟರ್ವ್ಯೂ ಉಳಿಯೋದಿಲ್ಲ! ಹಾಗೇ ಕತ್ತಲಲ್ಲೇ ತಡಕಾಡಿ ತರ್ತೀನಿ ಬಿಡಿ."

"ಮೂವತ್ತೊಂಬತ್ತು ಪೆಟ್ಟಿಗೆ ಗಾಜು ಇದೆ ಕಣೇ ಅಲ್ಲಿ! ಕೈಗೆ ಸಿಕ್ಕಿದ್ದು ಎಳೆದ್ರೆ ನನ್ನ ಮಾನ ಒಡೆದು ಚೂರಾಗುತ್ತೆ!"

ಒಳಕೋಣೆಯಲ್ಲಿ ರೇಡಿಯೊ ಹಾಡುತ್ತಿತ್ತು. ಅತ್ತೆ ಅದರ ದನಿ ಸ್ವಲ್ಪ ತಗ್ಗಿಸಿ, "ಅಳಿಯಂದ್ರೇ, ರೇಡಿಯೊ ಚೆನ್ನಾಗಿ ಹಾಡ್ತಿದೆ, ಅದರಲ್ಲೂ ಹತ್ತಿ ತುಂಬಬೇಕಾ?" ಎಂದು ಕೇಳಿದರು. ಅದು ಮುಗ್ಧ ಪ್ರಶ್ನೆಯೋ ಚುಚ್ಚುಮಾತೋ ಅಳಿಯನಿಗೆ ತಿಳಿಯಲಿಲ್ಲ. ಕೇಳಿ ತಿಳಿಯುವಷ್ಟು ಪುರಸೊತ್ತೂ ಇರಲಿಲ್ಲ.

ಒಂದು ಗಂಟೆಗೆ ಆರೂ ಬಲ್ಬುಗಳ ಮರಣ ಖಚಿತವಾಯಿತು. ರಾಯರ ಕಣ್ಣು ಕೆಂಪಾಯಿತು. ತಮ್ಮ ಪ್ಯಾಕಿಂಗಿನಲ್ಲಿ ಒಂದು ವಸ್ತು ಸಾಯುವುದೆಂದರೇನು? ಇದು ಅಂಗಡಿಯವನದೇ ಮೋಸ! "ಈಗ ಬಂದೆ!" ಎಂದವರೇ ಟಾರ್ಚನ್ನು ಕಂಕುಳಲ್ಲಿ ಅವುಚಿಕೊಂಡು, ಸೈಕಲ್ ಹತ್ತಿ ಗಾಳಿಯಾದರು.

ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ರಾಯರು ದನಿ ಏರಿಸಿಯೇ ಮಾತಾಡಿದರು.

"ಏನ್ರೀ, ಸತ್ತ ಬಲ್ಬು ಮಾರೋದಕ್ಕೆ ನಾಚಿಕೆ ಆಗೋದಿಲ್ವಾ ನಿಮಗೆ? ಒಂದಲ್ಲ, ಎರಡಲ್ಲ, ಆರು!"

ಅಂಗಡಿಯವರು ಕೈ ಚಾಚಿದರು. ಟಾರ್ಚ್ ಬಿಚ್ಚಿದರು. ಹತ್ತಿ ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ಗಿರಾಕಿಗಳು ತಮ್ಮ ಕೆಲಸ ಮರೆತು ಹತ್ತಿರ ಸರಿದರು. ಗಲ್ಲಾದ ಮೇಲೆ ಒಂದು ಸಣ್ಣ ದಿಂಬಿಗಾಗುವಷ್ಟು ಹತ್ತಿ ಸೇರಿದ ಮೇಲೆ ಬಲ್ಬುಗಳು ಸಿಕ್ಕವು. ಅವರು ಒಂದೊಂದನ್ನೇ ಪರೀಕ್ಷೆಯ ತಂತಿಗೆ ಮುಟ್ಟಿಸಿದರು. ಒಂದು ಹೊತ್ತಿತು. ಎರಡನೆಯದೂ ಹೊತ್ತಿತು. ಆರೂ ಝಗ್ಗೆಂದು ಹೊತ್ತಿದವು. ಟಾರ್ಚಿನ ಮೂತಿಯಲ್ಲಿ ಕೂತಿದ್ದ ಏಳನೆಯದೂ ಹೊತ್ತಿತು.

"ಮೂರನೇ ಸೆಲ್ ಎಲ್ಲಿ ಸ್ವಾಮಿ?"

"ಅದು... ನಮ್ಮ ಅತ್ತೆ ಹತ್ತಿರ ಇದೆ."

ಗಿರಾಕಿಗಳಲ್ಲಿ ಒಬ್ಬರಿಗೆ ಕೆಮ್ಮು ಬಂತು. ಅಂಗಡಿಯವರು ಹೊಸದೊಂದು ಸೆಲ್ಲು ಹಾಕಿ ಗುಂಡಿ ಒತ್ತಿದರು. ಟಾರ್ಚು ರಾಯರ ಮುಖಕ್ಕೇ ಬೆಳಕು ಚೆಲ್ಲಿತು. ಒಂದು ಬಲ್ಬನ್ನು ಮುಚ್ಚಳದ ಗೂಡಿನಲ್ಲಿಟ್ಟು, ಉಳಿದವನ್ನೂ ಹತ್ತಿಯನ್ನೂ ಕಾಗದದ ಚೀಲಕ್ಕೆ ಹಾಕಿ ಕೊಟ್ಟರು.

"ಸೆಲ್ಲಿಗೂ ಸ್ಪ್ರಿಂಗಿಗೂ ಮಧ್ಯೆ ಹತ್ತಿ ತುಂಬಿದ್ರೆ ಕರೆಂಟು ಯಾವ ದಾರಿಯಲ್ಲಿ ಹೋಗಬೇಕು ಸ್ವಾಮಿ? ಬಲ್ಬು ಹೋಗಿಲ್ಲ, ನೀವು ದಾರಿ ಮುಚ್ಚಿದೀರಿ. ದಯವಿಟ್ಟು ಹತ್ತಿ ಹಾಕಬೇಡಿ."

ರಾಯರು ಹುಳ್ಳಗೆ ನಕ್ಕು ಸೈಕಲ್ ಹತ್ತಿದರು. ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಬೇರೆ ಯಾರದೇ ಕಥೆಯಾಗಿದ್ದರೂ ಮುಗಿಯುತ್ತಿತ್ತು.

ಆದರೆ ಮೊದಲನೆಯ ತಿರುವಿನಲ್ಲೇ ಸೈಕಲ್ ಒಂದು ಗುಂಡಿಗೆ ಇಳಿಯಿತು, ಟಾರ್ಚು ಕಟಕಟ ಎಂದಿತು. ಮುಚ್ಚಳದ ಗೂಡಿನಲ್ಲಿದ್ದ ಬಲ್ಬು ಅಲ್ಲಾಡುತ್ತಿತ್ತು. ನಿಮಗೂ ನನಗೂ ಅದು ಬರೀ ಸದ್ದು. ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರಿಗೆ ಅದು ಎದೆಯ ಮೇಲೆ ಒನಕೆ ಕುಟ್ಟಿದ ಹಾಗೆ! ಎರಡನೆಯ ಗುಂಡಿಗೆ ಹಲ್ಲು ಕಚ್ಚಿಕೊಂಡರು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡರು, ಬೀಳಲಿಲ್ಲ, ಪುಣ್ಯ. ನಾಲ್ಕನೆಯದಕ್ಕೆ ಸೈಕಲ್ ನಿಲ್ಲಿಸಿಯೇಬಿಟ್ಟರು. "ಅವನಿಗೆ ತಂತಿ ಗೊತ್ತಿರಬಹುದು, ಪ್ಯಾಕಿಂಗ್ ಏನು ಗೊತ್ತು? ಸ್ವಲ್ಪವೇ ಸ್ವಲ್ಪ ಹತ್ತಿ..." ಎಂದುಕೊಂಡು ಒಂದು ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹತ್ತಿಗೆ ಸದ್ದು ನಿಲ್ಲಲಿಲ್ಲ. ಇನ್ನು ಸ್ವಲ್ಪ ಹಾಕಿದರು. ಮುಚ್ಚಳ ಕೂರಲಿಲ್ಲ. ಮೂರನೆಯ ಸೆಲ್ಲು ತೆಗೆದು ಜೇಬಿಗೆ ಹಾಕಿಕೊಂಡು, ಉಳಿದ ಬಲ್ಬುಗಳನ್ನೂ ಸುತ್ತಿ ಒಳಗಿಟ್ಟರು. ಕೈಗೆ ಇಪ್ಪತ್ತು ವರ್ಷದ ಅಭ್ಯಾಸ, ಅದು ತಲೆಯನ್ನು ಕೇಳಲೇ ಇಲ್ಲ.

ಮನೆಗೆ ಬಂದಾಗ ಎರಡಕ್ಕೆ ಹತ್ತು ನಿಮಿಷ. ಹೆಂಡತಿ ಸೀರೆಯುಟ್ಟು, ಬ್ಯಾಗ್ ಹಿಡಿದು, ಏಣಿಯ ಬುಡದಲ್ಲೇ ನಿಂತಿದ್ದರು. ಕಣ್ಣಿನ ಅಂಚಿನಲ್ಲಿ ನೀರು ನಿಂತಿತ್ತು. ಅದನ್ನು ಕಂಡು ರಾಯರು ಟಾರ್ಚನ್ನು ಮುಂದೆ ಚಾಚಿದರು.

"ಹೊತ್ತುತ್ತೆ ಕಣೇ! ಅಂಗಡಿಯಲ್ಲಿ ಹೊತ್ತಿತು, ನಾನೇ ಕಣ್ಣಾರೆ ನೋಡಿದೆ!" ಎಂದು ಗುಂಡಿ ಒತ್ತಿದರು.

ಹೊತ್ತಲಿಲ್ಲ.

ಹೆಂಡತಿ ಟಾರ್ಚ್ ಕಿತ್ತುಕೊಂಡರು. ಮುಚ್ಚಳ ಬಿಚ್ಚಿ ತಲೆಕೆಳಗು ಮಾಡಿ ಕೊಡವಿದರು. ಆರು ಕೂಸುಗಳು ಹತ್ತಿಯ ಹಾಸಿಗೆ ಸಮೇತ ನೆಲಕ್ಕುರುಳಿದವು.

"ಮೂರನೇ ಸೆಲ್ಲು?"

ರಾಯರು ಜೇಬಿನಿಂದ ತೆಗೆದು, ಹೋಮ್‌ವರ್ಕ್ ತೋರಿಸುವ ಹುಡುಗನಂತೆ ಕೊಟ್ಟರು. ಟಕ್! ಬೆಳಕು ಅಟ್ಟದ ತುದಿಯವರೆಗೆ ಹೋಯಿತು.

"ಹತ್ತಿ ಹತ್ತಿ!" ಎಂದರು ಹೆಂಡತಿ ಏಣಿ ತೋರಿಸಿ. ರಾಯರು ಹತ್ತಿದರು. ಎಡಗಡೆ ಗೋಡೆ, ಹಿಂದಿನ ಸಾಲು, ಬಿಳಿ ದಾರ. ಹೇಳಿದ ಜಾಗದಲ್ಲೇ ಇತ್ತು, ಕೆಳಗಿಳಿಸಿಯೂ ಆಯಿತು. ಆದರೆ ಆ ಪೆಟ್ಟಿಗೆಯ ಗಾತ್ರ ಕಂಡು ಹೆಂಡತಿ ಗೋಡೆಗೆ ಒರಗಿದರು. ಒಂದು ಹಾಳೆ ಕಾಗದಕ್ಕೆ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ! ಹೊರಗೆ ಮೂರು ಸುತ್ತು ಗೋಣಿ, ಹುರಿಹಗ್ಗ, ಅದರ ಮೇಲೆ ಬಿಳಿ ದಾರ, ಹದಿನಾರು ಗಂಟು.

"ಕತ್ತರಿ ತಾ, ಅರ್ಧ ಗಂಟೆಯಲ್ಲಿ..." ಎಂದು ರಾಯರು ತೋಳು ಮಡಿಸಿದರು.

"ಬಸ್ಸು ಎರಡೂಕಾಲಿಗೆ!" ಹೆಂಡತಿ ಪೆಟ್ಟಿಗೆಯನ್ನು ಇದ್ದ ಹಾಗೇ ಎತ್ತಿ ಸೊಂಟಕ್ಕೆ ಆನಿಸಿಕೊಂಡು ಹೊರಟೇಹೋದರು.

ಆ ಮಧ್ಯಾಹ್ನ ರಾಯರು ಪಟ್ಟ ಪಾಡು ದೇವರಿಗೇ ಗೊತ್ತು. ಹತ್ತಿ ಗುಡಿಸಿದರು. ಗಡಿಯಾರ ನೋಡಿದರು. ಬಾಗಿಲಿಗೆ ಹೋಗಿ ಬಂದರು. "ನನ್ನಿಂದಾನೇ ಅವಳ ಹುದ್ದೆ ಹೋಯ್ತು" ಎಂದು ಅತ್ತೆಯ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರು. ಅತ್ತೆಗೂ ಅಯ್ಯೋ ಅನ್ನಿಸಿ, ರೇಡಿಯೊ ಆರಿಸಿ, "ಒಂದಿಷ್ಟು ಕಾಫಿಯಾದ್ರೂ ಕುಡೀರಿ ಅಳಿಯಂದ್ರೇ" ಎಂದರು.

ಐದೂವರೆಗೆ ಹೆಂಡತಿ ಬಂದರು. ತಲೆಗೂದಲಲ್ಲಿ ಹುಲ್ಲಿನ ಎಳೆ, ಸೀರೆಯ ನೆರಿಗೆಯಲ್ಲಿ ಹುಲ್ಲು, ಕೈಯಲ್ಲಿ ಸರ್ಟಿಫಿಕೇಟು. ಅದಕ್ಕೆ ಒಂದು ಸುಕ್ಕೂ ಇಲ್ಲ, ನಿನ್ನೆ ಅಚ್ಚಾದಂತಿತ್ತು.

"ಏನಾಯ್ತೇ?" ರಾಯರು ಬಾಗಿಲಿಗೇ ಓಡಿ ಬಂದರು.

"ಮೂರು ಜನ ಸಾಹೇಬ್ರು ಕೂತಿದ್ರು. ನಾನು ಪೆಟ್ಟಿಗೆ ಅವರ ಮೇಜಿನ ಮೇಲಿಟ್ಟೆ. ಮೊದಲು ಗೋಣಿ ಬಿಚ್ಚಿದೆ. ಆಮೇಲೆ ಪೆಟ್ಟಿಗೆ. ಅದರೊಳಗೆ ಹುಲ್ಲು, ಹುಲ್ಲೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಮರದ ಹೊಟ್ಟು, ಅದರೊಳಗೆ ಮತ್ತೊಂದು ಪೆಟ್ಟಿಗೆ. ಇಪ್ಪತ್ತು ನಿಮಿಷ! ಒಬ್ರಂತೂ ಸೀನೀ ಸೀನೀ ಸುಸ್ತಾದ್ರು. ಕೊನೆಗೆ ಸರ್ಟಿಫಿಕೇಟ್ ಕೈಗೆ ಕೊಟ್ಟೆ. ಅದನ್ನ ನೋಡಲೂ ಇಲ್ಲ. 'ಇದನ್ನ ಪ್ಯಾಕ್ ಮಾಡಿದೋರು ಯಾರಮ್ಮಾ?' ಅಂದ್ರು. 'ನಮ್ಮ ಯಜಮಾನ್ರು' ಅಂದೆ."

ರಾಯರ ಎದೆ ತಾನಾಗಿಯೇ ಉಬ್ಬಿತು. "ಮೆಚ್ಚಿಕೊಂಡ್ರಾ?"

"'ಇವರ ಜೊತೆ ಎಷ್ಟು ವರ್ಷದಿಂದ ಸಂಸಾರ ಮಾಡ್ತಿದೀರಿ?' ಅಂತ ಕೇಳಿದ್ರು. 'ಹದಿನೆಂಟು ವರ್ಷ ಆಯ್ತು ಸಾರ್' ಅಂದೆ. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಬೇರೆ ಒಂದು ಪ್ರಶ್ನೆಯೂ ಕೇಳಲಿಲ್ಲ ಕಣ್ರೀ. 'ಹಾಗಾದ್ರೆ ನಮ್ಮ ಇಪ್ಪತ್ತಾರು ಗುಮಾಸ್ತರನ್ನ ಸಂಭಾಳಿಸೋದು ನಿಮಗೆ ಯಾವ ಲೆಕ್ಕ ಬಿಡಿ ತಾಯೀ' ಅಂತ ದೊಡ್ಡ ಸಾಹೇಬ್ರು ಅಲ್ಲೇ ಸಹಿ ಹಾಕಿಬಿಟ್ರು!"