ಮೂರು ಕಿಲೋಮೀಟರ್ ಆಳಕ್ಕೆ ಹೋದ ಸಿಟ್ಟು

ಸಮುದ್ರವೇ ಇಲ್ಲದ ನೈರೋಬಿಯಲ್ಲಿ ಕೂತು ಸಮುದ್ರವಿಜ್ಞಾನ ಪಾಠ ಮಾಡುವವಳು ನಾನು. ನಗೆಪಾಟಲಾಗಲು ಬೇರೆ ಪ್ರಯತ್ನವೇನೂ ಬೇಕಿಲ್ಲ. ಕಳೆದ ವರ್ಷ ಅಂಟಾರ್ಕ್ಟಿಕಾ ಕಡೆ ಹೊರಟ ಸಂಶೋಧನಾ ಹಡಗಿನಲ್ಲಿ ಎರಡು ತಿಂಗಳಿಗೆ ಜಾಗ ಸಿಕ್ಕಿದ ಮೇಲಂತೂ ಕೇಳುವುದೇ ಬೇಡ.

೧. ಚಮಚ

ಹೊರಡುವ ಮುಂಚೆ ಒಂಬತ್ತು ವರ್ಷದ ಮಗಳಿಗೆ ನನ್ನ ಕೆಲಸ ತೋರಿಸಲು ಹೋದೆ. ಗಾಜಿನ ಲೋಟದಲ್ಲಿ ನೀಲಿ ಬಣ್ಣದ ತಣ್ಣೀರು, ಅದರ ಮೇಲೆ ಮೆಲ್ಲಗೆ ಬಿಸಿನೀರು ಹಾಕಿದೆ.

"ನೋಡು ಪುಟ್ಟಿ, ಎರಡೂ ನೀರೇ, ಆದ್ರೂ ಬೇಗ ಬೆರೆಯಲ್ಲ. ಅಲ್ಲಿ ಸಮುದ್ರದಲ್ಲೂ ಹೀಗೇ. ಅವು ಹೇಗೆ ಬೆರೆಯುತ್ವೆ ಅಂತ ನೋಡೋಕೇ ಹೋಗ್ತಿರೋದು."

"ಐ ಡೋಂಟ್ ಕೇರ್," ಎಂದಳು. ಆ ಎರಡು ತಿಂಗಳಲ್ಲೇ ಅವಳ ಬರ್ತ್‌ಡೇ ಬರುತ್ತಿತ್ತು.

ನೈರೋಬಿಯ ಅಂಚಿನ ಕಸರಾನಿಯಿಂದ ಮನೆಗೆಲಸಕ್ಕೆ ಬರುವಾಕೆ ನಮ್ಮಿಬ್ಬರ ಮುಖ ನೋಡಿದಳು. ಲೋಟಕ್ಕೆ ಚಮಚ ಹಾಕಿ ಎರಡು ಸುತ್ತು ತಿರುಗಿಸಿದಳು. "ಸವಾ, ಆಯ್ತು! ಬೆರೆತುಹೋಯ್ತು. ಇನ್ನು ಮನೇಲೇ ಇರಿ," ಎಂದಳು ತನ್ನ ಸ್ವಾಹಿಲಿಯಲ್ಲಿ.

೨. ಲೈನು

ಬರ್ತ್‌ಡೇ ದಿನ ಹಡಗಿನಿಂದ ಫೋನ್ ಮಾಡಿದೆ. ನಮ್ಮವರು ಮಗಳ ಕಿವಿಗೆ ಫೋನ್ ಹಿಡಿದರು. ನಾನು ಹಾಡಿದೆ, ಮುದ್ದು ಮಾಡಿದೆ, ಹಲೋ ಹಲೋ ಎಂದೆ. ಆ ಕಡೆಯಿಂದ ಉಸಿರಿಲ್ಲ. ನನಗೆ ಅಳುವೇ ಬಂತು.

"ಲೈನ್ ಹಾಳಾಗಿದೆಯಾ?" ಎಂದು ರೇಡಿಯೋ ಆಪರೇಟರನ್ನು ಕೇಳಿದೆ. ಆತ ಹೆಡ್‌ಫೋನಿಗೆ ಕಿವಿಯಿಟ್ಟು ಕೇಳಿ ಹೇಳಿದ: "ಲೈನ್ ಚೆನ್ನಾಗೇ ಇದೆ ಮೇಡಂ. ಆ ಕಡೆಯವರ ಮೂಡೇ ಚೆನ್ನಾಗಿಲ್ಲ."

೩. ಲೋಟ

ನಮ್ಮ ಹಡಗುಗಳಲ್ಲೊಂದು ರೂಢಿ. ಮನೆಯ ಮಕ್ಕಳು ಚಿತ್ರ ಬರೆದ ಥರ್ಮಾಕೋಲ್ ಲೋಟಗಳನ್ನು ಅಳತೆಯ ಯಂತ್ರಕ್ಕೆ ಕಟ್ಟಿ ಮೂರು ಕಿಲೋಮೀಟರ್ ಆಳಕ್ಕೆ ಇಳಿಸುತ್ತೇವೆ. ನೀರಿನ ಒತ್ತಡಕ್ಕೆ ಸಿಕ್ಕಿ ಅವು ಹೆಬ್ಬೆರಳಿನಷ್ಟಾಗಿ ಮೇಲೆ ಬರುತ್ತವೆ. ನನ್ನ ಮಗಳು ಮಾತ್ರ ಚಿತ್ರ ಬರೆದಿರಲಿಲ್ಲ. ಲೋಟದ ಸುತ್ತ ದಪ್ಪ ಅಕ್ಷರದಲ್ಲಿ ನನ್ನ ಮೇಲಿನ ದೂರುಗಳನ್ನೆಲ್ಲ ಬರೆದುಕೊಟ್ಟಿದ್ದಳು.

ವಾಪಸ್ ಬಂದವಳು ಅವಳ ಅಂಗೈಯಲ್ಲಿ ಆ ಪುಟ್ಟ ಲೋಟ ಇಟ್ಟೆ. ಮುಂದಿನ ಹಡಗಿಗೆ ಕರೆದ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಇವಳು ಬೇಡ ಎಂದರೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಆ ಮಾತು ಕೇಳಲು ಭಯವಾಗಿ ಪತ್ರದ ಸುದ್ದಿಯನ್ನೇ ಎತ್ತಿರಲಿಲ್ಲ.

ಅವಳು ಲೋಟ ತಿರುಗಿಸಿ ನೋಡಿದಳು. ಭೂತಗನ್ನಡಿ ತಂದು, ನನ್ನ ಕೈಗೆ ಕೊಟ್ಟು, ಒಂದೊಂದು ದೂರನ್ನೂ ನನ್ನಿಂದಲೇ ಜೋರಾಗಿ ಓದಿಸಿದಳು. ಕೊನೆಯ ಸಾಲು "ಕಮ್ ಬ್ಯಾಕ್" ಎಂದಿತ್ತು. ಅದನ್ನು ಎರಡು ಸಲ ಓದಿದೆ.

ನನ್ನ ಮಗಳ ಮಾತೆಲ್ಲ ಇಂಗ್ಲಿಷ್. ಬೈಯುವುದು ಮಾತ್ರ ಕನ್ನಡದಲ್ಲಿ, ನನ್ನಿಂದಲೇ ಕಲಿತದ್ದು. ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಅಷ್ಟು ದೊಡ್ಡ ಸಿಟ್ಟನ್ನ ಇಷ್ಟು ಚಿಕ್ಕದು ಮಾಡ್ಕೊಂಡು ಬಂದಿದ್ದೀಯಲ್ಲಮ್ಮಾ! ಇರು, ನೆಕ್ಸ್ಟ್ ಟೈಮ್ ಹೋಗುವಾಗ ಫ್ರಿಜ್ ಜೊತೆ ಬಂದಿರೋ ಥರ್ಮಾಕೋಲ್ ಮೇಲೆ ಬರೆದುಕೊಡ್ತೀನಿ!"